ಬೇಸಿಗೆಯ ಕಾಡುನಡಿಗೆಯಲ್ಲಿ ಹಕ್ಕಿಗಳನ್ನು ಕಾಣಬೇಕಾದರೆ

ಬೇಸಿಗೆಯಲ್ಲಿ ಸಂರಕ್ಷಿತ ಪ್ರದೇಶದೊಳಗೆ ನಡೆಯಲು ಹೊರಡುವವರು ಸೂರ್ಯೋದಯದ ಹೊತ್ತಿಗೇ ಅಲ್ಲಿರುವುದು ಲೇಸು. ಬಿಸಿಲೇರಿದಂತೆ ಹೆಚ್ಚಿನ ಹಕ್ಕಿಗಳು ನೆರಳು ಸೇರಿ ಮೌನವಾಗುತ್ತವೆ. ಆಮೇಲೆ ಅಲೆದು ದಣಿಯುವುದಕ್ಕಿಂತ ನೀರಿನ ಗುಂಡಿಯಿಂದ ತುಸು ದೂರದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ, 20 ನಿಮಿಷ ಅಲುಗಾಡದೆ ಕುಳಿತರೆ ಹೆಚ್ಚು ಕಾಣಸಿಗುತ್ತದೆ ಎಂಬುದು ನನ್ನ ಅನುಭವ. ಕೊಕ್ಕು ತೆರೆದು ಗಂಟಲನ್ನು ಪಟಪಟನೆ ಅದುರಿಸುತ್ತಿರುವ ಹಕ್ಕಿಯನ್ನು ಕಂಡು ಕಾಯಿಲೆಯೆಂದು ಭಾವಿಸಬೇಡಿ. ಬೆವರುಗ್ರಂಥಿಗಳಿಲ್ಲದ ಅದು ಮೈಯ ಬಿಸಿಯನ್ನು ಹೀಗೆ ಹೊರಹಾಕುತ್ತದೆ. ದುರ್ಬೀನು 8 ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮುಂಗಾಜಿನದಾದರೆ ಸಾಕು (ಅದಕ್ಕಿಂತ ಹೆಚ್ಚು ಹಿಗ್ಗಿಸುವಂಥದ್ದು ಕೈನಡುಕವನ್ನೂ ಹಿಗ್ಗಿಸುತ್ತದೆ). ಮೊಬೈಲಿನಲ್ಲಿ ಕೂಗು ಕೇಳಿಸಿ ಹಕ್ಕಿಯನ್ನು ಕರೆಯುವ ಅಭ್ಯಾಸ ಮಾತ್ರ ಖಂಡಿತ ಬೇಡ, ಏಕೆಂದರೆ ಮರಿ ಸಾಕುವ ಕಾಲದಲ್ಲಿ ಎದುರಾಳಿ ಬಂದಿತೆಂದು ತಿಳಿದು ಅದು ಗೂಡು ಬಿಟ್ಟು ಜಗಳಕ್ಕೆ ಹೊರಡಬಹುದು.