ಆನೆ ಬೆಳ್ಳುಳ್ಳಿಗೆ ಮೊದಲು ಚಳಿ ತೋರಿಸಿ

ಈರೋಡ್ ಜಿಲ್ಲೆಯ ಬೆಟ್ಟದ ಸೀಮೆಯಾದ ನಮ್ಮ ತಾಳವಾಡಿ ಕಡೆಗೆ ಬೆಳ್ಳುಳ್ಳಿ ಹೊಸದೇನಲ್ಲ. ಆದರೆ ಈಗಿನ ಮಕ್ಕಳು ಕೇಳುವುದು ಅಂಗೈ ತುಂಬುವಂಥ ದಪ್ಪನೆಯ, ಘಾಟು ಕಡಿಮೆ ಇರುವ ಆನೆ ಬೆಳ್ಳುಳ್ಳಿ. ಹಿತ್ತಲಲ್ಲೇ ಬೆಳೆಯಬಹುದು. ಲೀಕ್ ಅಂತ ಒಂದು ತರಕಾರಿ ಇದೆಯಲ್ಲ, ಇದು ಅದರ ಹತ್ತಿರದ ನೆಂಟ. ಒಂದು ಗಡ್ಡೆಯಲ್ಲಿ ನಾಲ್ಕೈದು ಎಸಳು ಅಷ್ಟೇ, ಆದರೆ ಒಂದೊಂದೂ ದಪ್ಪ.

ಇದಕ್ಕೆ ಚಳಿ ಬೇಕು. ಚಳಿ ಸಾಲದಿದ್ದರೆ ಎಸಳು ಒಡೆಯುವುದೇ ಇಲ್ಲ, ಈರುಳ್ಳಿ ತರಹ ಒಂದೇ ಉಂಡೆ ಬರುತ್ತದೆ. ನಮ್ಮಲ್ಲಿ ಚಳಿ ಇದೆ ನಿಜ, ಊಟಿಯಷ್ಟಿಲ್ಲ. ಹಾಗಾಗಿ ಬಿತ್ತನೆ ಗಡ್ಡೆಯನ್ನು ಬಿಡಿಸದೆ ಪೇಪರ್ ಚೀಲಕ್ಕೆ ಹಾಕಿ, ಫ್ರಿಜ್ಜಿನಲ್ಲಿ ತರಕಾರಿ ಇಡುವ ಜಾಗದಲ್ಲಿ 6ರಿಂದ 8 ವಾರ ಇಟ್ಟುಬಿಡಿ. ಫ್ರೀಜರ್ ಬೇಡ. ಉಂಡೆ ಬಂದರೂ ಬೇಜಾರು ಮಾಡ್ಕೋಬೇಡಿ, ಅದನ್ನೇ ಎತ್ತಿಟ್ಟು ಮುಂದಿನ ವರ್ಷ ನೆಟ್ಟರೆ ಎಸಳಾಗುತ್ತದೆ.

ದೀಪಾವಳಿ ಆಸುಪಾಸಿನಲ್ಲಿ, ಜೋರು ಮಳೆ ಕಡಿಮೆಯಾದ ಮೇಲೆ ನೆಡಿ. ನೀರು ನಿಂತರೆ ಕೊಳೆಯುತ್ತದೆ, ಅದಕ್ಕೆ ಮಡಿ ಎತ್ತರವಾಗಿರಲಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ. ಹಸಿ ಸಗಣಿ ಮಾತ್ರ ಬೇಡವೇ ಬೇಡ. ಇರುವುದರಲ್ಲಿ ದಪ್ಪ ಎಸಳನ್ನೇ ಆರಿಸಿ, ಮೊನೆ ಮೇಲೆ ಮಾಡಿ, ಮೂರು ನಾಲ್ಕು ಇಂಚು ಆಳಕ್ಕೆ ಇಡಿ. ಗಿಡದಿಂದ ಗಿಡಕ್ಕೆ ಒಂದು ಗೇಣಿಗೆ ಕಡಿಮೆ ಬೇಡ, ಜಾಗ ಉಳಿಸಲು ಹೋದರೆ ಗಡ್ಡೆ ಸಣ್ಣದಾಗುತ್ತದೆ. ಮೇಲೆ ರಾಗಿ ಹುಲ್ಲು ಹರಡಿದರೆ ಕಳೆಯೂ ಕಡಿಮೆ, ತೇವವೂ ಉಳಿಯುತ್ತದೆ.

ನಡುವೆ ದಪ್ಪ ಹೂದಂಟು ಏಳುತ್ತದೆ. ನೋಡಲು ಚೆಂದ ಅಂತ ಬಿಡಬೇಡಿ, ಗಡ್ಡೆಗೆ ಹೋಗಬೇಕಾದ ಸತ್ವವೆಲ್ಲ ಅದಕ್ಕೇ ಹೋಗುತ್ತದೆ. ಎಳೆಯದಿರುವಾಗಲೇ ಮುರಿದು, ಹುರುಳಿಕಾಯಿ ಪಲ್ಯಕ್ಕೆ ಹೆಚ್ಚಿ ಹಾಕಿ, ಬಹಳ ರುಚಿ. ಗಡ್ಡೆ ಬೆಳೆಯುವ ಹೊತ್ತಿನಲ್ಲಿ ಯೂರಿಯಾ ಸುರಿಯುವವರನ್ನೂ ನೋಡಿದ್ದೇನೆ, ಸುಮ್ನೆ ಎಲೆ ಜಾಸ್ತಿಯಾಗುತ್ತದೆ ಅಷ್ಟೇ.

ಕೆಳಗಿನ ಎಲೆಗಳು ಹಳದಿಯಾಗಿ, ಮೂರರಲ್ಲಿ ಒಂದು ಪಾಲು ಒಣಗುತ್ತಾ ಬಂದಾಗ ಒಂದು ಗಿಡ ಕಿತ್ತು ನೋಡಿ. ಗಡ್ಡೆಯನ್ನು ಅಡ್ಡ ಕುಯ್ದರೆ ಎಸಳುಗಳು ಸಿಪ್ಪೆಯೊಳಗೆ ತುಂಬಿಕೊಂಡು ಬಿಗಿಯಾಗಿ ಕಾಣಬೇಕು. ಹಾಗಿದ್ದರೆ ನೀರು ಹಾಕುವುದನ್ನು ನಿಲ್ಲಿಸಿ, ಎರಡು ವಾರದೊಳಗೆ ಎಲ್ಲ ಕೀಳಿ. ತಡಮಾಡಿದರೆ ಸಿಪ್ಪೆ ಬಿರಿದು ಎಸಳು ಬಿಚ್ಚಿಕೊಳ್ಳುತ್ತವೆ, ಮೇಲಿಂದ ಬೇಸಿಗೆ ಮಳೆ ಬಿದ್ದರೆ ಕಥೆ ಮುಗಿಯಿತು. ಎಲೆ ಹಿಡಿದು ಎಳೆಯಬೇಡಿ, ಪಕ್ಕದಿಂದ ಗುದ್ದಲಿ ಹಾಕಿ ಎಬ್ಬಿಸಿ. ತೊಳೆಯಬೇಡಿ. ಎಲೆ ಸಮೇತ ಕಂತೆ ಕಟ್ಟಿ, ಗಾಳಿಯಾಡುವ ನೆರಳಿನಲ್ಲಿ ಮೂರು ನಾಲ್ಕು ವಾರ ತೂಗುಹಾಕಿ.

ಗಡ್ಡೆಯ ಬುಡದಲ್ಲಿ ಗಟ್ಟಿ ಸಿಪ್ಪೆಯ ಸಣ್ಣ ಮರಿಗಳು ಅಂಟಿಕೊಂಡಿರುತ್ತವೆ, ಕಡಲೆಕಾಳಿನಷ್ಟೇ. ಎಸೆಯಬೇಡಿ, ಅವೂ ಬಿತ್ತನೆಯೇ. ಫಲಕ್ಕೆ ಎರಡು ವರ್ಷ ಕಾಯಬೇಕು.

ಒಗ್ಗರಣೆಗೆ ನಾಟಿ ಬೆಳ್ಳುಳ್ಳಿಯೇ ಸರಿ, ಇದರ ಪರಿಮಳ ಸಾಲದು. ಇದನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟು, ಹಸಿಮೆಣಸಿನಕಾಯಿ ಉಪ್ಪಿನ ಜೊತೆ ಕಿವುಚಿ ಮುದ್ದೆಗೆ ಹಚ್ಚಿಕೊಂಡು ತಿನ್ನಿ. ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ದಿನಗಟ್ಟಲೆ ಇಡುವುದು ಮಾತ್ರ ಬೇಡ, ವಾಸನೆ ಕೆಡದೆಯೂ ವಿಷವಾಗಬಹುದು. ಸಾಮಾನ್ಯ ಬೆಳ್ಳುಳ್ಳಿಯಷ್ಟು ದಿನ ಇದು ತಾಳುವುದೂ ಇಲ್ಲ, ಬಿತ್ತನೆಗೆ ಬೇಕಾದಷ್ಟು ದಪ್ಪನೆಯವನ್ನು ಮೊದಲೇ ಆರಿಸಿ ಎತ್ತಿಟ್ಟು, ಉಳಿದದ್ದನ್ನು ಬೇಗ ಖರ್ಚು ಮಾಡಿ.