ದೊಡ್ಡ ಕಾರ್ಡ್, ಕಮ್ಮಿ ವ್ಯಾಟ್: ರಾಯಚೂರು ಬಿಸಿಲಲ್ಲಿ ನನ್ನ ಅನುಭವ

ಗ್ರಾಫಿಕ್ಸ್ ಕಾರ್ಡ್ ರಿವ್ಯೂ ಮಾಡುವವರೆಲ್ಲ 21-22 ಡಿಗ್ರಿಯ ತಣ್ಣನೆ ರೂಮಿನಲ್ಲಿ ಕೂತಿರುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಪಿಸಿ ಕಟ್ಟುತ್ತೇನೆ, ಆದರೆ ದೊಡ್ಡ ಬಜೆಟ್ಟಿನ ಗಿರಾಕಿಗಳು ಜಾಸ್ತಿ ಬರುವುದು ರಾಯಚೂರು, ಸಿಂಧನೂರು, ಬಳ್ಳಾರಿ ಕಡೆಯಿಂದ. ಮೇ ತಿಂಗಳ ಮಧ್ಯಾಹ್ನ ಅವರ ರೂಮು 39-40ಕ್ಕೆ ಕಮ್ಮಿ ಇರುವುದಿಲ್ಲ. ಮೇಲೆ ಬರೀ ತಾರಸಿ. ಮನೆಗೆ ಒಂದೇ ಎಸಿ, ಅದೂ ಅಪ್ಪ-ಅಮ್ಮನ ರೂಮಿನಲ್ಲಿ. ಸಾಲದ್ದಕ್ಕೆ ಕರೆಂಟಿನ ಕಣ್ಣಾಮುಚ್ಚಾಲೆ. ಇಂಥ ಕಡೆ 4ಕೆ ಮಾನಿಟರ್‌ಗೆ ಕಾರ್ಡ್ ಆರಿಸುವಾಗ ನಾನು ಹಿಡಿದಿರುವ ದಾರಿ ಇದು: ದುಡ್ಡಿಗೆ ಸಿಗುವ ಅತಿ ದೊಡ್ಡ ಚಿಪ್ ತಗೊಳ್ಳುವುದು, ಆಮೇಲೆ ಅದರ ವ್ಯಾಟ್‌ನಲ್ಲಿ ಮೂರನೇ ಒಂದು ಭಾಗ ಕತ್ತರಿಸುವುದು. ಅಂದರೆ ಎನ್‌ವಿಡಿಯಾದ 450 ವ್ಯಾಟ್‌ನ 4090 ಕಾರ್ಡನ್ನು 300ರಲ್ಲಿ ಓಡಿಸುವುದು.

ಮೊದಲು ಹೇಳಿದಾಗ ನಗದವರಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನಾನು ಸಾಮಾನು ತರುವ ಅಂಗಡಿಯವರು, "ಅಷ್ಟು ಕಮ್ಮಿ ವ್ಯಾಟ್ ಬೇಕಂದ್ರೆ 4080 ತಗೊಳ್ಳಿ ಸರ್, ದುಡ್ಡಾದ್ರೂ ಉಳಿಯುತ್ತೆ" ಅಂದರು. ಗಿರಾಕಿ ಹುಡುಗ ಇನ್ನೂ ನೇರ. "ಅಣ್ಣಾ, ದೀಡ ಲಕ್ಷ ಕೊಟ್ಟು ಗಾಡಿ ತಗೊಂಡು ಸೆಕೆಂಡ್ ಗೇರ್‌ನಾಗ ಹೊಡಿಯೂದೇನು?"

ಅವನ ಮಾತು ಕೇಳಲು ಚೆನ್ನಾಗಿದೆ, ಲೆಕ್ಕ ಮಾತ್ರ ಬೇರೆ. 4080 ಅಂದರೆ 4090ಯ ಕೆಳಗಿನ ಮೆಟ್ಟಿಲು: 9728 ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಸಣ್ಣ ಘಟಕಗಳು), 320 ವ್ಯಾಟ್. 4090ಯಲ್ಲಿ 16384 ಕೋರ್. ಅದನ್ನು 300ಕ್ಕೆ ಇಳಿಸಿದರೆ 4ಕೆಯಲ್ಲಿ ಹೋಗುವುದು ಶೇ. 6-7, ಕೆಲವು ಗೇಮ್‌ನಲ್ಲಿ ಅದೂ ಇಲ್ಲ. ಇಳಿಸಿದ ಮೇಲೂ ನನ್ನ ಟೆಸ್ಟ್‌ಗಳಲ್ಲಿ ಅದು 4080ಗಿಂತ ಹತ್ತಿರ ಹತ್ತಿರ ಶೇ. 20 ಮುಂದೆಯೇ ಇತ್ತು, 20 ವ್ಯಾಟ್ ಕಮ್ಮಿ ತಿಂದು. ಕೊನೆಯ 150 ವ್ಯಾಟ್ ಸುಮ್ನೆ ಬಿಸಿಗೆ ಹೋಗುತ್ತದೆ, ಅಷ್ಟೇ.

ಇಲ್ಲಿಗೆ ಬರುವ ಮುಂಚೆ ಸಾಕಷ್ಟು ದುಡ್ಡು ಕರಗಿದೆ. 2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವ ಇಥೀರಿಯಂ ಮೈನಿಂಗ್ ನಿಂತಿತಲ್ಲ, ಆಗ 4090ಯ ಹಿಂದಿನ ತಲೆಮಾರಿನ ಸೆಕೆಂಡ್ ಹ್ಯಾಂಡ್ 3090ಗಳು ಮಾರ್ಕೆಟ್ಟಿಗೆ ಸುರಿದವು. 24 ಜಿಬಿ ಕಾರ್ಡ್, ಅರವತ್ತು-ಎಪ್ಪತ್ತು ಸಾವಿರದ ಆಸುಪಾಸು. ಒಂದನ್ನು ತಂದು ಆ ಹುಡುಗನ ಪಿಸಿಗೆ ಹಾಕಿದೆ. ಕೋರ್ ಬಿಸಿ ಪರವಾಗಿಲ್ಲ, ತೊಂದರೆ ಮೆಮೊರಿಯದು. 3090ಯಲ್ಲಿ ಹನ್ನೆರಡು ಮೆಮೊರಿ ಚಿಪ್ ಮುಂದೆ, ಹನ್ನೆರಡು ಬೋರ್ಡಿನ ಹಿಂದೆ. ಹಿಂದಿನವಕ್ಕೆ ಫ್ಯಾನಿಲ್ಲ, ಬೆನ್ನಿಗೆ ಮುಚ್ಚಿದ ಲೋಹದ ತಗಡು, ಅಂದರೆ ಬ್ಯಾಕ್‌ಪ್ಲೇಟ್ ಒಂದೇ ಗತಿ. ರಾಯಚೂರಿನಲ್ಲಿ ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದರೆ ಮೆಮೊರಿ 106, 108 ಡಿಗ್ರಿ. ಚಿಪ್ಪಿನ ಬಿಸಿ ದಾಟಿಸುವ ಥರ್ಮಲ್ ಪ್ಯಾಡ್ ಬದಲಾಯಿಸಿದೆ. ಬ್ಯಾಕ್‌ಪ್ಲೇಟ್ ಮೇಲೆ ಹಳೇ ಆಂಪ್ಲಿಫೈಯರ್‌ನಿಂದ ಬಿಚ್ಚಿದ ಹೀಟ್‌ಸಿಂಕ್ ಕೂರಿಸಿ, ಅದರ ಮೇಲೊಂದು ಫ್ಯಾನ್ ಇಟ್ಟೆ. 92ಕ್ಕೆ ಬಂತು. ನೋಡಲು ಅಸಹ್ಯ, ಆದರೆ ಬಂತು.

ಅದನ್ನು ಸೋಲಿಸಿದ್ದು ಯುಪಿಎಸ್. ಹುಡುಗನ ಮನೆಯಲ್ಲಿದ್ದದ್ದು 1 ಕೆವಿಎ, ಅಸಲಿಗೆ 600 ವ್ಯಾಟ್. 3090 ಮೀಟರಿನಲ್ಲಿ 350 ತೋರಿಸುತ್ತದೆ, ಆದರೆ ಮಿಲಿಸೆಕೆಂಡ್ ಲೆಕ್ಕದಲ್ಲಿ ಅದಕ್ಕಿಂತ ಎಷ್ಟೋ ಮೇಲೆ ಜಿಗಿಯುತ್ತದೆ. ಗೇಮ್ ಮಧ್ಯೆ ಕರೆಂಟ್ ಹೋದರೆ ಯುಪಿಎಸ್ ಒಂದು ಸಲ ಕುಂಯ್ ಅಂದು ತಾನೂ ಮಲಗುತ್ತಿತ್ತು. 2 ಕೆವಿಎ ಆನ್‌ಲೈನ್ ಯುಪಿಎಸ್‌ಗೆ ಬ್ಯಾಟರಿ ಸೇರಿ ಮೂವತ್ತು ಸಾವಿರದ ಹತ್ತಿರ ಕೊಟೇಶನ್ ಬಂತು. ಹುಡುಗನ ಅಪ್ಪ ಕೊಟೇಶನ್ ನೋಡಿ, "ಆಟ ಆಡಾಕ ಇಷ್ಟ್ ರೊಕ್ಕದ ಬ್ಯಾಟರಿ ಬೇಕೇನ್ರೀ?" ಅಂತ ಕೇಳಿ ಎದ್ದು ಹೋದರು. ಆ ಕಾರ್ಡನ್ನು ವಾಪಸ್ ತಗೊಂಡು, ಹತ್ತು-ಹನ್ನೆರಡು ಸಾವಿರ ಲಾಸ್‌ಗೆ ವಿಡಿಯೋ ಎಡಿಟಿಂಗ್ ಮಾಡುವವರಿಗೆ ಮಾರಿದೆ.

ನಡುವೆ ಎಎಂಡಿಯ 7900 ಎಕ್ಸ್‌ಟಿಎಕ್ಸ್ ಕೂಡ ಹಾಕಿ ನೋಡಿದೆ. 24 ಜಿಬಿ, 355 ವ್ಯಾಟ್, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ವ್ಯಾಟ್ ಮಿತಿ ಇಳಿಸುವ ಪವರ್ ಸ್ಲೈಡರ್ ಶೇ. 10ಕ್ಕಿಂತ ಹೆಚ್ಚು ಕಡಿತ ಮಾಡಲು ಬಿಡುವುದಿಲ್ಲ. ನನ್ನ ಕೆಲಸಕ್ಕೆ ಅದು ಸಾಲದು.

4090 ಬಂದಾಗ ನಮ್ಮಲ್ಲಿ ಹೇಳಿದ ರೇಟ್ 1,55,000. ನನಗೆ ಸಿಕ್ಕಿದ್ದು ಅದರ ಮೇಲೆ ಇನ್ನೊಂದು ಹದಿನೈದು ಸಾವಿರಕ್ಕೆ. ಮೊದಲು ಏನೂ ಮುಟ್ಟದೆ ಓಡಿಸಿದೆ: 40 ಡಿಗ್ರಿ ರೂಮಿನಲ್ಲಿ ಕೋರ್ 80ರ ಮೇಲೆ, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) 93, ಫ್ಯಾನ್ ಸದ್ದು ಪಡಸಾಲೆಗೆ ಕೇಳುತ್ತಿತ್ತು. 300ಕ್ಕೆ ಇಳಿಸಿದ ಮೇಲೆ ಕೋರ್ 68-69, ಹಾಟ್‌ಸ್ಪಾಟ್ 80ರೊಳಗೆ. ಕಾರ್ಡ್ 300, ಪ್ರೊಸೆಸರ್ 7800ಎಕ್ಸ್3ಡಿ ಆಗಿದ್ದರಿಂದ ಅದರದ್ದು ಎಪ್ಪತ್ತೋ ಎಂಬತ್ತೋ, ಮಾನಿಟರ್, ಪಂಪು, ಫ್ಯಾನು ಎಲ್ಲ ಸೇರಿ ಗೋಡೆಯ ಮೀಟರಿನಲ್ಲಿ 510ರ ಸುತ್ತ. ಅದೇ ಹಳೇ ಯುಪಿಎಸ್ ಹೊತ್ತುಕೊಂಡಿತು. ಮೂವತ್ತು ಸಾವಿರ ಅಲ್ಲಿ ಉಳಿಯಿತು. ಕರೆಂಟ್ ಬಿಲ್ಲಿನಲ್ಲಿ ಉಳಿಯುತ್ತದೆ ಅಂತ ಗಿರಾಕಿಗೆ ಆಸೆ ಹಚ್ಚಬೇಡಿ. ದಿನಕ್ಕೆ ಐದು ತಾಸು ಆಡಿದರೂ ತಿಂಗಳಿಗೆ ಇಪ್ಪತ್ತೆರಡು ಯೂನಿಟ್, ನೂರಿಪ್ಪತ್ತು-ನೂರೈವತ್ತು ರೂಪಾಯಿ, ಅಷ್ಟೇ.

ವ್ಯಾಟ್ ಇಳಿಸಿದ್ದರಿಂದ ನನಗೆ ನಿಜವಾಗಿ ನೆಮ್ಮದಿ ಸಿಕ್ಕಿದ್ದು ಕಾರ್ಡಿಗೆ ಕರೆಂಟ್ ಕೊಡುವ ಕನೆಕ್ಟರ್ ವಿಷಯದಲ್ಲಿ. ಆ ಹದಿನಾರು ಪಿನ್ನಿನ ಪ್ಲಗ್ ಕರಗಿದ ಫೋಟೋಗಳನ್ನು ಎಲ್ಲರೂ ನೋಡಿದ್ದೀರಿ. ಅದರಲ್ಲಿ 12 ವೋಲ್ಟ್ ಒಯ್ಯುವುದು ಆರೇ ಪಿನ್, ಒಂದೊಂದರ ರೇಟಿಂಗ್ 9.5 ಆಂಪ್. 600 ವ್ಯಾಟ್ ಎಳೆದರೆ ಪಿನ್ನಿಗೆ 8.3 ಆಂಪ್, ಅದೂ ಆರಕ್ಕೂ ಸಮನಾಗಿ ಹಂಚಿದರೆ. 3090 ಟಿಐನಲ್ಲಿ ಪಿನ್ನುಗಳನ್ನು ಜೋಡಿ ಮಾಡಿ ಬೇರೆ ಬೇರೆ ಅಳೆಯುತ್ತಿದ್ದರು. 4090ಯಲ್ಲಿ ಆರೂ ಒಂದೇ ಕಡೆ ಸೇರುತ್ತವೆ, ಯಾವುದರಲ್ಲಿ ಎಷ್ಟು ಹರಿಯುತ್ತಿದೆ ಅಂತ ಕಾರ್ಡಿಗೇ ಗೊತ್ತಿಲ್ಲ. 450ರಲ್ಲಿ ಪಿನ್ನಿಗೆ ಆರೂಕಾಲು ಆಂಪ್, 300ರಲ್ಲಿ ನಾಲ್ಕೂ ಚಿಲ್ಲರೆ. ಬಿಸಿ ಆಂಪ್‌ನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಆದರೂ ನಾನು ಟಾರ್ಚ್ ಹಾಕಿ ನೋಡದೆ ಬಿಡುವುದಿಲ್ಲ. ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಕೂದಲೆಳೆಯಷ್ಟು ಗೆರೆ ಕಂಡರೂ ಬಿಚ್ಚಿ ಮತ್ತೆ ಒತ್ತುತ್ತೇನೆ. ಕೇಬಲ್ ಬಗ್ಗುವ ಮುಂಚೆ 35 ಮಿಲಿಮೀಟರ್ ನೇರ ಇರಬೇಕು. ಕೇಸ್ ಆರಿಸುವಾಗ ಎಲ್ಲರೂ ಕಾರ್ಡಿನ ಉದ್ದ ನೋಡುತ್ತಾರೆ. ನೀವು ಅಗಲ ನೋಡಿ: ಕಾರ್ಡಿನ ಎತ್ತರಕ್ಕೆ ಆ 35 ಸೇರಿಸಿ ಗಾಜು ತಾಗದಿದ್ದರೆ ಮಾತ್ರ ತಗೊಳ್ಳಿ.

ಇಳಿಸುವುದು ಹೇಗೆ ಅಂತ ಈ ಕೆಲಸ ಮಾಡುವವರಿಗೆ ಹೇಳಬೇಕಿಲ್ಲ, ಕಾರ್ಡಿನ ಸೆಟ್ಟಿಂಗ್ ಬದಲಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ಎಲ್ಲರ ಬಳಿಯೂ ಇದೆ. ಬರೀ ಸ್ಲೈಡರ್ ಎಳೆದರೆ ಕ್ಲಾಕ್, ಅಂದರೆ ಚಿಪ್ಪಿನ ವೇಗ, ಮೇಲೆ ಕೆಳಗೆ ಕುಣಿಯುತ್ತದೆ, ಒಂದೊಂದು ಫ್ರೇಮಿಗೆ ಹಿಡಿಯುವ ಹೊತ್ತಿನ ಗೆರೆ ಹಲ್ಲುಹಲ್ಲಾಗುತ್ತದೆ. ಯಾವ ವೋಲ್ಟಿಗೆ ಎಷ್ಟು ಕ್ಲಾಕ್ ಅಂತ ಹೇಳುವ ಕರ್ವನ್ನು ಒಂದು ವೋಲ್ಟಿನ ಮೇಲೆ ಚಪ್ಪಟೆ ಮಾಡಿ, ಸ್ಲೈಡರನ್ನು ಮೇಲಿನ ಬೇಲಿಯ ಹಾಗೆ ಇಟ್ಟುಕೊಳ್ಳುತ್ತೇನೆ. ಎಲ್ಲಿ ಚಪ್ಪಟೆ ಮಾಡುತ್ತೇನೆ ಅಂತ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. 0.9 ಮತ್ತು 0.95 ವೋಲ್ಟ್ ನಡುವೆ ಹುಡುಕಿದರೆ ನಿಮಗೂ ಸಿಗುತ್ತದೆ. ಒಂದು ಮಾತು ಹೇಳುತ್ತೇನೆ: ಹುಬ್ಬಳ್ಳಿಯ ಜುಲೈ ಮಳೆಯಲ್ಲಿ ಪಾಸಾದ ಕರ್ವ್ ರಾಯಚೂರಿನ ಏಪ್ರಿಲ್‌ನಲ್ಲಿ ಬೀಳುತ್ತದೆ. ಹಾಗಾಗಿ ಟೆಸ್ಟ್ ಮಾಡುವಾಗ ರೂಮಿನ ಬಾಗಿಲು-ಕಿಟಕಿ ಹಾಕಿ, ಒಂದು ಹೀಟರ್ ಉರಿಸಿ, ಕಾರ್ಡಿಗೆ ಪೂರ್ತಿ ಕೆಲಸ ಕೊಡುವ ಪೋರ್ಟ್ ರಾಯಲ್ ಟೆಸ್ಟನ್ನು ಲೂಪ್ ಬಿಟ್ಟು ಊಟಕ್ಕೆ ಹೋಗುತ್ತೇನೆ. ಮನೆಯವಳು ಆ ರೂಮಿಗೆ ಹಪ್ಪಳ ಒಣಗಿಸುವ ರೂಮು ಅಂತ ಹೆಸರಿಟ್ಟಿದ್ದಾಳೆ.

ಬೇರೆ ಪ್ರಯೋಗಗಳೂ ನಡೆದವು. ಒಬ್ಬರಿಗೆ ಕಾರ್ಡ್ ನೆಟ್ಟಗೆ ನಿಲ್ಲಿಸಿ, ಗಾಜಿನ ಮುಂದೆ ಷೋ ಕಾಣುವ ಹಾಗೆ ಬೇಕಿತ್ತು. ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ರೈಸರ್ ಕೇಬಲ್‌ಗೆ ಐದು ಸಾವಿರ ಹೋಯಿತು, ಫ್ಯಾನಿಗೆ ಉಸಿರಾಡಲು ಜಾಗವಿಲ್ಲದೆ ಎಂಟು-ಒಂಬತ್ತು ಡಿಗ್ರಿ ಏರಿತು. ಕೊನೆಗೆ ಗಾಜು ತೆಗೆದು, ಹಾರ್ಡ್‌ವೇರ್ ಅಂಗಡಿಯಿಂದ ಸೊಳ್ಳೆ ಜಾಲರಿ ತಂದು ಅದೇ ಅಳತೆಗೆ ಫ್ರೇಮ್ ಮಾಡಿಸಿದೆ. ಕೂಲಿ ಸೇರಿ ಆರುನೂರು. ಈಗ ಅರ್ಧ ಗಿರಾಕಿಗಳು ಅದನ್ನೇ ಕೇಳುತ್ತಾರೆ. ಬಳ್ಳಾರಿಯ ಕೆಂಪು ಧೂಳಿಗೆ ಮಾತ್ರ ಇನ್ನೂ ಸಣ್ಣ ಕಣ್ಣಿನ ಜಾಲರಿ ಬೇಕು, ಅದಕ್ಕೆ ಮತ್ತೆ ಎರಡು ಡಿಗ್ರಿ ದಂಡ.

ಇನ್ನೊಂದು, ನಡುನಡುವೆ ಹೊಸ ಫ್ರೇಮ್ ಹುಟ್ಟಿಸುವ ಲಾಸ್‌ಲೆಸ್ ಸ್ಕೇಲಿಂಗ್ ಸಾಫ್ಟ್‌ವೇರ್ ಹಾಕಿ, ಎರಡನೇ ಸ್ಲಾಟಿಗೆ ಹಳೇ ಚಿಕ್ಕ ಕಾರ್ಡ್ ಆರ್‌ಎಕ್ಸ್ 6600 ಚುಚ್ಚಿ, ಆ ಕೆಲಸವನ್ನು ಅದಕ್ಕೆ ಒಪ್ಪಿಸಿ ನೋಡಿದೆ. ಮಾನಿಟರ್ ಕೇಬಲ್ ಚಿಕ್ಕ ಕಾರ್ಡಿಗೇ ಹಾಕಬೇಕು. ಕೆಲಸ ಮಾಡುತ್ತದೆ! ಆದರೆ ಎರಡನೇ ಸ್ಲಾಟ್ ಚಿಪ್‌ಸೆಟ್‌ನಿಂದ ಬರುವ ನಾಲ್ಕೇ ಲೇನಿನದು (ಡೇಟಾ ಹರಿಯುವ ದಾರಿ), 4ಕೆಯಲ್ಲಿ ಉಸಿರು ಕಟ್ಟುತ್ತದೆ. ಮೇಲಾಗಿ ದೊಡ್ಡ ಕಾರ್ಡಿನ ಹೊಟ್ಟೆಗೆ ಅಂಟಿಕೊಂಡು ಗಾಳಿ ತಡೆಯುತ್ತದೆ. ಎರಡು ವಾರಾಂತ್ಯ ಆಟವಾಡಿ ಬಿಚ್ಚಿಟ್ಟೆ.

ಸೆಕೆಂಡ್ ಹ್ಯಾಂಡ್ 4090 ತಗೊಳ್ಳುವವರು ಕಣ್ಣೆದುರು ಓಡಿಸಿ ತೋರಿಸದೆ ಒಂದು ರೂಪಾಯಿ ಕೊಡಬೇಡಿ. ಚಿಪ್ಪನ್ನೂ ಮೆಮೊರಿಯನ್ನೂ ಕಿತ್ತುಕೊಂಡು, ಕೂಲರ್ ಮುಚ್ಚಿ ಮಾರಿದ ಕಾರ್ಡುಗಳು ಇವೆ. ವಾರಂಟಿ ಬಿಲ್ಲಿಗೋ ಸೀರಿಯಲ್ ನಂಬರಿಗೋ ಅಂತ ಮೊದಲು ಕೇಳಿ. ಸೀರಿಯಲ್ ನಂಬರಿಗೇ ವಾರಂಟಿ ಕೊಡುವ ಒಂದು ಬ್ರಾಂಡ್ ಬಿಟ್ಟು ನಾನು ಬೇರೆ ತಗೊಳ್ಳುವುದಿಲ್ಲ. ಯಾವುದು ಅಂತ ಕೇಳಬೇಡಿ, ಕೇಳಿದವರಿಗೆಲ್ಲ ಹೇಳಿದರೆ ನನಗೆ ಸಿಗುವುದಿಲ್ಲ. 4090ಯ ನಂತರದ 50 ಸೀರೀಸ್ ಆದರೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ಆರ್‌ಒಪಿ (ಚಿತ್ರದ ಪಿಕ್ಸೆಲ್ ಬರೆಯುವ ಘಟಕಗಳು) ಎಷ್ಟಿವೆ ನೋಡಿ. 5090ಗೆ 176 ಇರಬೇಕು, 5080ಗೆ 112. 2025ರ ಶುರುವಿನಲ್ಲಿ ಎಂಟೆಂಟು ಕಮ್ಮಿ ಇರುವ ಕಾರ್ಡುಗಳು ಹೊರಬಂದಿದ್ದವು.

ಈಗ ಸಿಂಧನೂರಿನ ಒಬ್ಬರಿಗೆ 5090 ಬೇಕಂತೆ. 575 ವ್ಯಾಟ್, 32 ಜಿಬಿ. 2025ರಲ್ಲಿ ಬಂದಾಗ ಹೇಳಿದ ರೇಟ್ 2,14,000, ಅಂಗಡಿಯಲ್ಲಿ ಆ ರೇಟಿಗೆ ನಾನಂತೂ ಕಂಡಿಲ್ಲ. ನಾನು ಹಿಡಿದು ನೋಡಿದ ಕಾರ್ಡಿನಲ್ಲಿ ಸ್ಲೈಡರ್ 400 ವ್ಯಾಟ್‌ಗೆ ನಿಂತುಬಿಡುತ್ತದೆ, ಅದರ ಕೆಳಗೆ ಕರ್ವ್ ಒಂದೇ ದಾರಿ. 350 ಮುಟ್ಟಿದರೆ ಅವರ ಯುಪಿಎಸ್ ತಡೆಯುತ್ತದೆ. ಇಲ್ಲದಿದ್ದರೆ 5080 ತಗೊಂಡು ಉಳಿದ ಲಕ್ಷದಲ್ಲಿ ಆ ರೂಮಿಗೊಂದು ಎಸಿ ಹಾಕಿಸಿ ಅಂದಿದ್ದೇನೆ. ಅವರು ಎಸಿ ಬೇಡ ಅಂದರು, ಅಡ್ವಾನ್ಸ್ ಐವತ್ತು ಸಾವಿರ ಫೋನ್‌ಪೇ ಮಾಡಿದ್ದಾರೆ.