ಪಿಕಪ್‌ಗೆ ಟೈರ್ ಮೊದಲೋ, ಲಿಫ್ಟ್ ಕಿಟ್ ಮೊದಲೋ? ಅಳೆದು ಆರಿಸುವ ಬಗೆ

ಮುಂಗಾರು ಹಿಡಿದ ಮೇಲೆ ನವಲಗುಂದ, ಅಣ್ಣಿಗೇರಿ, ರೋಣದ ಎರೆ ಹೊಲಗಳ ದಾರಿಯಲ್ಲಿ ಪಿಕಪ್ ಓಡಿಸುವವರಿಗೆ ವಾಹನ ಇನ್ನೂ ನಾಲ್ಕು ಬೆರಳು ಎತ್ತರವಿದ್ದರೆ ಒಳ್ಳೆಯದಿತ್ತು ಎನ್ನಿಸುವುದು ಸಹಜ. ಅಂಥವರು ಅಂಗಡಿಗೆ ಹೋದರೆ ಮಾತು ವಾಹನವನ್ನು ಎತ್ತರಿಸುವ ಬಿಡಿಭಾಗಗಳ ಜೋಡಣೆಯಾದ ಲಿಫ್ಟ್ ಕಿಟ್ಟಿನಿಂದಲೇ ಶುರುವಾಗಿ ಕೊನೆಗೆ ಟೈರಿಗೆ ಬರುವುದುಂಟು. ಆಗಬೇಕಾದ ಕ್ರಮ ಇದಕ್ಕೆ ತದ್ವಿರುದ್ಧವಾದುದು. ಹಿಂದಿನ ಆಕ್ಸಲ್ಲಿನ ನಡುವೆ ಜೋತಿರುವ ಡಿಫರೆನ್ಷಿಯಲ್, ಅಂದರೆ ಎರಡೂ ಗಾಲಿಗಳಿಗೆ ಎಳೆತ ಹಂಚುವ ಗೇರುಗಳ ಗುಂಡು, ನೆಲಕ್ಕೆ ಬಹಳ ಹತ್ತಿರವಿರುವ ಭಾಗ. ಲಿಫ್ಟ್ ಕಿಟ್ ಎತ್ತುವುದು ಚಾಸಿ ಮತ್ತು ಬಾಡಿಯನ್ನೇ ಹೊರತು ಆಕ್ಸಲನ್ನಲ್ಲ. ಚಕ್ಕಡಿ ದಾರಿಯ ನಡುದಿಬ್ಬಕ್ಕೆ ತಾಗುವ ಆ ಗುಂಡನ್ನು ಮೇಲೆತ್ತಬಲ್ಲದ್ದು ದೊಡ್ಡ ಟೈರು ಮಾತ್ರ. ಆದ್ದರಿಂದ ಟೈರಿನ ಅಳತೆ ಮೊದಲು ಗೊತ್ತಾಗಬೇಕು, ಅದು ಬೇಡಿದರೆ ಮಾತ್ರ, ಬೇಡಿದಷ್ಟೇ ಲಿಫ್ಟ್ ಕೊಡಬೇಕು.

ಮೊದಲ ಹೆಜ್ಜೆಯಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲಿರುವ ಚೀಟಿಯನ್ನು ಓದಿರಿ. ಕಂಪನಿ ಕೊಟ್ಟ ಟೈರಿನ ಅಳತೆ ಮತ್ತು ಹವಾ ಎಷ್ಟಿರಬೇಕೆಂಬುದು ಅಲ್ಲಿರುತ್ತದೆ. ಇಸುಝು ವಿ-ಕ್ರಾಸ್‌ನ 255/60 ಆರ್18 ಅಳತೆಯನ್ನೇ ತೆಗೆದುಕೊಂಡರೆ, 255 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ, 60 ಎಂಬುದು ಆ ಅಗಲಕ್ಕೆ ಪಕ್ಕದ ಗೋಡೆಯ ಎತ್ತರ ಶೇಕಡಾ ಎಷ್ಟು ಎಂಬುದು, ಆರ್ ಎಂದರೆ ರೇಡಿಯಲ್, 18 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಲೆಕ್ಕ ಹೀಗೆ: 255ರ ಶೇ 60 ಎಂದರೆ 153, ಮೇಲೊಂದು ಕೆಳಗೊಂದು ಸೇರಿ 306, ರಿಮ್ಮಿನ 18 ಇಂಚು, ಅಂದರೆ 457 ಮಿ.ಮೀ. ಕೂಡಿದರೆ ಟೈರಿನ ಪೂರ್ಣ ವ್ಯಾಸ 763 ಮಿ.ಮೀ. ಇದೇ ಲೆಕ್ಕವನ್ನು ಟೊಯೋಟಾ ಹೈಲಕ್ಸ್‌ನ 265/65 ಆರ್17 ಮತ್ತು 265/60 ಆರ್18 ಎಂಬ ಎರಡು ಅಳತೆಗಳಿಗೆ ಹಾಕಿದರೆ 776 ಮತ್ತು 775 ಮಿ.ಮೀ. ಬರುತ್ತದೆ. ರಿಮ್ ದೊಡ್ಡದಾದ ಮಾತ್ರಕ್ಕೆ ಗಾಲಿ ಎತ್ತರವಾಗುವುದಿಲ್ಲ. 17 ಇಂಚಿನ ರಿಮ್ಮಿನ ಟೈರಿಗೆ ಪಕ್ಕದ ಗೋಡೆ ಹೆಚ್ಚು ಇರುವುದರಿಂದ ತಗ್ಗುದಿನ್ನೆಯ ದಾರಿಯಲ್ಲಿ ಅದೇ ಮೇಲು.

ಇನ್ನು ಹಳೆಯ ಅಳತೆಗೂ ಹೊಸದಕ್ಕೂ ಅಂತರ ನೋಡಿರಿ. 763ರ ಬದಲು 265/65 ಆರ್18 ಹಾಕಿದರೆ ವ್ಯಾಸ 802 ಮಿ.ಮೀ. ಆಗುತ್ತದೆ, ಅಂದರೆ ಶೇ 5ರಷ್ಟು ಹೆಚ್ಚಳ. ನೆಲದಿಂದ ಸಿಗುವ ಲಾಭ ಇದರ ಅರ್ಧ, ಸುಮಾರು 19 ಮಿ.ಮೀ. ಮಾತ್ರ. ಆದರೆ ಸ್ಪೀಡೋಮೀಟರ್ ಮೊದಲು ತೋರಿಸುತ್ತಿದ್ದುದಕ್ಕಿಂತ ಅಷ್ಟೇ ಪ್ರಮಾಣದಲ್ಲಿ ಕಡಿಮೆ ತೋರಿಸತೊಡಗುತ್ತದೆ, ಎಂಜಿನ್ನಿನ ಎಳೆತ ಕುಗ್ಗುತ್ತದೆ, ಡೀಸೆಲ್ ಹೆಚ್ಚು ಬೇಕಾಗುತ್ತದೆ. ನನ್ನ ಮಟ್ಟಿಗೆ ದುಡಿಯುವ ಪಿಕಪ್‌ಗೆ ಶೇ 3ರ ಒಳಗೆ ನಿಲ್ಲುವುದು ಜಾಣತನ. ಅದೇ ಮಾದರಿಯ ಮೇಲಿನ ಆವೃತ್ತಿಗೆ ಕಂಪನಿಯೇ ಕೊಡುವ ಅಳತೆ ಸಿಕ್ಕರೆ ಅದಕ್ಕಿಂತ ಬೇರೆ ಹುಡುಕುವ ಅಗತ್ಯವೇ ಇಲ್ಲ.

ಅಳತೆಯ ಪಕ್ಕದಲ್ಲಿರುವ ಸಣ್ಣ ಸಂಖ್ಯೆಯನ್ನು ಬಹಳ ಮಂದಿ ನೋಡುವುದೇ ಇಲ್ಲ. 112 ಎಂದಿದ್ದರೆ ಒಂದು ಟೈರು ಹೊರಬಲ್ಲ ಗರಿಷ್ಠ ಭಾರ 1,120 ಕಿಲೋ. 109 ಎಂದಿದ್ದರೆ 1,030 ಕಿಲೋ. ಗೋವಿನಜೋಳದ ಚೀಲ ಹೇರಿ ಅಮರಗೋಳದ ಎಪಿಎಂಸಿಗೆ ಹೋಗುವ ವಾಹನಕ್ಕೆ ನೋಟಕ್ಕೆ ದಪ್ಪವಾಗಿದ್ದು ಈ ಸಂಖ್ಯೆ ಕಂಪನಿಯ ಟೈರಿಗಿಂತ ಕಡಿಮೆಯಿರುವ ಟೈರು ಹಾಕುವುದು ಅಪಾಯ. ಜೊತೆಗೆ ನಾಲ್ಕು ಅಂಕಿಯ ತಯಾರಿಕೆ ದಿನಾಂಕವನ್ನೂ ನೋಡಿರಿ: 2324 ಎಂದರೆ 2024ರ 23ನೆಯ ವಾರ.

ಹಲ್ಲಿನ ವಿಷಯದಲ್ಲಿ ನಮ್ಮ ಮಣ್ಣೇ ತೀರ್ಪು ಕೊಡುತ್ತದೆ. ಹಸಿಯಾದ ಎರೆಮಣ್ಣು ಎ/ಟಿ (ಆಲ್ ಟೆರೈನ್, ಎಲ್ಲ ಬಗೆಯ ದಾರಿಯ) ಟೈರಿನ ಹಲ್ಲುಗಳ ಸಂದಿಯನ್ನು ತುಂಬಿಕೊಂಡಿತೆಂದರೆ ಟೈರು ಮಣ್ಣು ಮೆತ್ತಿದ ಒನಕೆಯಂತೆ ನುಣ್ಣಗಾಗುತ್ತದೆ. ಅಗಲ ಸಂದಿಯ ಎಂ/ಟಿ (ಮಡ್ ಟೆರೈನ್, ಕೆಸರಿನ) ಟೈರು ತಿರುಗುತ್ತ ತಿರುಗುತ್ತ ಮಣ್ಣನ್ನು ಕೊಡವಿಕೊಳ್ಳುತ್ತದೆ ನಿಜ, ಆದರೆ ಹುಬ್ಬಳ್ಳಿ–ಗದಗ ಹೆದ್ದಾರಿಯಲ್ಲಿ ಅದರ ಸದ್ದು ಕಿವಿಗೆ ಸಾಕಾಗುತ್ತದೆ, ಒದ್ದೆ ಡಾಂಬರಿನ ಮೇಲೆ ಬ್ರೇಕಿನ ಹಿಡಿತವೂ ಕಡಿಮೆ. ವರ್ಷದ ಬಹುಪಾಲು ಡಾಂಬರಿನ ಮೇಲೆಯೇ ಓಡುವ ವಾಹನಕ್ಕೆ, ಕಲಘಟಗಿ, ಹಾನಗಲ್ ಕಡೆಯ ಕೆಂಪು ಮಣ್ಣಿನ ದಾರಿಗಳಿಗೂ, ಎ/ಟಿ ಸಾಕು. ಮಳೆ ನಿಂತ ಮರುದಿನ ಎರೆ ಹೊಲಕ್ಕೆ ಗಾಡಿ ಇಳಿಸದಿರುವ ಹಿರಿಯರ ರೂಢಿಗೆ ಪರ್ಯಾಯವಾಗುವ ಟೈರು ಇನ್ನೂ ಬಂದಿಲ್ಲ.

ಲಿಫ್ಟ್ ಬೇಕೇ ಎಂಬ ಪ್ರಶ್ನೆ ಈಗ ಬರುತ್ತದೆ. ಹೊಸ ಅಳತೆಯ ಒಂದು ಟೈರನ್ನು ಮುಂದೆ ತೊಡಿಸಿ, ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಮಡ್‌ಗಾರ್ಡಿನ ಒಳಮೈಗೂ ಚಾಸಿಗೂ ತಾಗುತ್ತದೆಯೇ ನೋಡಿರಿ. ಆ ಗಾಲಿಯನ್ನು ದಿಬ್ಬಕ್ಕೆ ಹತ್ತಿಸಿ ಮತ್ತೊಮ್ಮೆ ನೋಡಿರಿ. ತಾಗದಿದ್ದರೆ ಲಿಫ್ಟಿನ ಖರ್ಚು ಉಳಿಯಿತು. ತಾಗಿದರೂ ಮೊದಲು ಒಂದು ಅಳತೆ ಚಿಕ್ಕದನ್ನು ಯೋಚಿಸಿರಿ, ಏಕೆಂದರೆ ಎತ್ತರಿಸಿದ ವಾಹನದ ಭಾರಕೇಂದ್ರವೂ ಮೇಲೇರುತ್ತದೆ. ಬ್ಯಾಡಗಿ ಮೆಣಸಿನಕಾಯಿ ತೂಕಕ್ಕೆ ಹಗುರ, ಹೇರಿದರೆ ಮುಗಿಲೆತ್ತರ. ಗಾಳಿಗಿರಣಿ ತಿರುಗುವಷ್ಟು ಗಾಳಿಯಿರುವ ಗದಗ ಸೀಮೆಯಲ್ಲಿ ಅಂಥ ಹೇರನ್ನು ಇನ್ನಷ್ಟು ಎತ್ತರಕ್ಕೆ ಒಯ್ಯುವುದು ತಿರುವುಗಳಲ್ಲಿ ಕೇಡಿಗೆ ದಾರಿ.

ಕಾನೂನನ್ನೂ ಹಣ ಕೊಡುವ ಮುನ್ನವೇ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮಿನ ಪ್ರಕಾರ ಕಂಪನಿಯ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಉಲ್ಲಂಘಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಹಾಗಾಗಿ ಆರ್‌ಟಿಒ ಕಚೇರಿಯಲ್ಲಿ ಮೊದಲು ವಿಚಾರಿಸಿರಿ. ವಿಮಾ ಕಂಪನಿಯ ಒಪ್ಪಿಗೆಯನ್ನೂ ಕಾಗದದ ಮೇಲೆಯೇ ಪಡೆಯಿರಿ.

ಇಷ್ಟೆಲ್ಲ ಆದ ಮೇಲೂ ಲಿಫ್ಟ್ ಬೇಕೆಂದಾದರೆ 40ರಿಂದ 50 ಮಿ.ಮೀ.ಗೆ ನಿಲ್ಲಿಸಿರಿ. ಮುಂದೆ ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಮೇಲೆ ಇಡುವ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಅಗ್ಗದ ಉಪಾಯ, 25 ಮಿ.ಮೀ. ದಪ್ಪದ ಸ್ಪೇಸರ್ ಗಾಲಿಯ ಹತ್ತಿರ ಸುಮಾರು ಅದರ ಇಮ್ಮಡಿ ಎತ್ತರ ಕೊಡುವುದರಿಂದ, ದಪ್ಪವನ್ನೇ ಎತ್ತರವೆಂದು ತಿಳಿದು ಕೊಳ್ಳಬಾರದು. ಉದ್ದದ ಸ್ಪ್ರಿಂಗ್, ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರ್ ಹಾಕಿಸುವುದು ದುಬಾರಿಯಾದರೂ ಸರಿಯಾದ ವಿಧಾನ. ಹಿಂದಿನ ಲೀಫ್ ಸ್ಪ್ರಿಂಗಿಗೆ ಒಂದು ಪಟ್ಟಿ ಸೇರಿಸಬಹುದು. ಆಕ್ಸಲ್ಲಿಗೂ ಆ ಸ್ಪ್ರಿಂಗಿಗೂ ನಡುವೆ ಬ್ಲಾಕ್ ಇಡಿಸುವುದಾದರೆ ಒಂದರ ಮೇಲೊಂದು ಇಡಿಸಲೇಬಾರದು. ಮಿತಿ ಮೀರಿ ಎತ್ತರಿಸಿದರೆ ಮುಂದಿನ ಗಾಲಿಯನ್ನು ತಿರುಗಿಸುವ ಡ್ರೈವ್ ಶಾಫ್ಟಿನ ಬಾಗುವ ಕೀಲು, ಅಂದರೆ ಸಿವಿ ಜಾಯಿಂಟ್, ಓರೆಯಾಗಿ ತಿರುಗಿ ಬೇಗ ಸವೆಯುತ್ತದೆ.

ಕೆಲಸ ಮುಗಿದ ದಿನವೇ ಅಲೈನ್‌ಮೆಂಟ್ ಮಾಡಿಸಿರಿ, ಹೆಡ್‌ಲೈಟನ್ನು ತಗ್ಗಿಸಿರಿ, ಬ್ರೇಕಿನ ಹೋಸ್ ಪೈಪುಗಳು ಬಿಗಿದು ನಿಂತಿಲ್ಲವೆಂದು ನೋಡಿರಿ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ಇರುವ ಅಂತರವನ್ನು ನೋಡಿ ಹೇರಿನ ಭಾರ ತಿಳಿಯುವ ಬ್ರೇಕ್ ವಾಲ್ವ್ ಇರುತ್ತದೆ. ಲಿಫ್ಟ್ ಆದ ಮೇಲೆ ಆ ಅಂತರ ಹೆಚ್ಚಾಗಿ, ಹೇರು ತುಂಬಿದ್ದರೂ ವಾಹನ ಖಾಲಿಯಿದೆಯೆಂದು ವಾಲ್ವ್ ಭಾವಿಸಿ ಹಿಂದಿನ ಬ್ರೇಕಿನ ಒತ್ತಡವನ್ನು ಇಳಿಸುತ್ತದೆ. ಅದರ ಕೊಂಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಲು ಮೆಕ್ಯಾನಿಕ್‌ಗೆ ನೀವೇ ನೆನಪಿಸಬೇಕು. ಲೀಫ್ ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಮತ್ತೆ ಬಿಗಿಸಿರಿ. ಸ್ಟೆಪ್ನಿಯೂ ಹೊಸ ಅಳತೆಯದ್ದೇ ಇರಬೇಕು, ವ್ಯಾಸ ಬೇರೆಯಿದ್ದರೆ ಡಿಫರೆನ್ಷಿಯಲ್ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ. ಆ ದೊಡ್ಡ ಟೈರು ಬಾಡಿಯ ಕೆಳಗಿನ ಸ್ಟೆಪ್ನಿ ಜಾಗದಲ್ಲಿ ಕೂರುತ್ತದೆಯೇ ಎಂಬುದನ್ನು ಐದನೆಯ ಟೈರಿಗೆ ಹಣ ಕೊಡುವ ಮೊದಲು ಅಂಗಡಿಯಲ್ಲೇ ನೋಡಿಕೊಳ್ಳಿರಿ.